ನಾಣ್ಯದ ಅಂಗಡಿಯಲ್ಲಿ ಗಟ್ಟಿ ವ್ಯಾಪಾರ ಮತ್ತು ಸಂಗ್ರಾಹಕರ ಸೇವೆ: ಎರಡನ್ನೂ ಸರಿದೂಗಿಸುವ ಕ್ರಮ

ನಾಣ್ಯದ ಅಂಗಡಿ ತೆರೆದವರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಸೋಲುತ್ತಾರೆ. ಕೆಲವರು ಚಿನ್ನ ಬೆಳ್ಳಿಯ ಬೆಲೆ ಏರಿದ ಭರದಲ್ಲಿ ಇದ್ದ ಹಣವನ್ನೆಲ್ಲ ಗಟ್ಟಿಗೆ ಸುರಿದು, ಸಂಗ್ರಾಹಕರು ಬಂದಾಗ ತೋರಿಸಲು ಒಂದು ಒಳ್ಳೆಯ ನಾಣ್ಯವೂ ಇಲ್ಲದ ಸ್ಥಿತಿಗೆ ಬರುತ್ತಾರೆ. ಇನ್ನು ಕೆಲವರು ಅಪರೂಪದ ನಾಣ್ಯಗಳ ಮೋಹಕ್ಕೆ ಬಿದ್ದು ಬಂಡವಾಳವನ್ನು ಕಪಾಟಿನಲ್ಲಿ ಕೂಡಿಹಾಕಿ, ತಿಂಗಳ ಬಾಡಿಗೆಗೆ ಪರದಾಡುತ್ತಾರೆ. ಇಬ್ಬರೂ ಕೇಳುವ ಪ್ರಶ್ನೆ ಒಂದೇ: ನೂರರಲ್ಲಿ ಎಷ್ಟು ಪಾಲು ಗಟ್ಟಿಗೆ, ಎಷ್ಟು ಪಾಲು ಸಂಗ್ರಹದ ನಾಣ್ಯಗಳಿಗೆ? ಈ ಪ್ರಶ್ನೆಗೆ ಎಲ್ಲ ಅಂಗಡಿಗಳಿಗೂ ಹೊಂದುವ ಉತ್ತರವಿಲ್ಲ. ಪ್ರಮಾಣ ಹೇಗೇ ಇದ್ದರೂ ಅಂಗಡಿ ನಡೆಯುತ್ತದೆ. ಕೆಲಸಗಳ ಕ್ರಮ ತಪ್ಪಿದರೆ ಮಾತ್ರ ನಡೆಯುವುದಿಲ್ಲ.

ಈ ಬರಹದಲ್ಲಿ ‘ಗಟ್ಟಿ’ ಎಂದರೆ ಲೋಹದ ತೂಕಕ್ಕೆ ಬೆಲೆ ಕಟ್ಟಲಾಗುವ ಸರಕು: ಗಟ್ಟಿ, ಬಿಸ್ಕತ್ತು, ಹೂಡಿಕೆಯ ನಾಣ್ಯ, ಕರಗಿಸಲು ಮಾತ್ರ ಯೋಗ್ಯವಾದ ಹಳೆಯ ಬೆಳ್ಳಿ. ‘ಸಂಗ್ರಹದ ನಾಣ್ಯ’ ಎಂದರೆ ಇಸವಿ, ಟಂಕಸಾಲೆ, ಸ್ಥಿತಿ ಮತ್ತು ಅಪರೂಪತೆಯಿಂದ ಲೋಹದ ಬೆಲೆಯನ್ನು ಮೀರಿ ಬೆಲೆ ಪಡೆಯುವಂಥದ್ದು. ಒಂದೇ ನಾಣ್ಯ ಇಂದು ಮೊದಲ ಗುಂಪಿನಲ್ಲಿದ್ದು ನಾಳೆ ಎರಡನೆಯದಕ್ಕೆ ಸೇರಬಹುದು. ತೊಂದರೆ ಹುಟ್ಟುವುದೇ ಅಲ್ಲಿ.

ಮೊದಲೇ ಸಿದ್ಧವಿರಬೇಕಾದ ಸಲಕರಣೆಗಳು

ಎರಡು ತಕ್ಕಡಿಗಳು ಬೇಕು. ಒಂದು 0.01 ಗ್ರಾಂ ಸೂಕ್ಷ್ಮತೆಯದು, ಗಟ್ಟಿ ಮತ್ತು ದೊಡ್ಡ ನಾಣ್ಯಗಳಿಗೆ, ಇನ್ನೊಂದು 0.001 ಗ್ರಾಂ ಸೂಕ್ಷ್ಮತೆಯದು, ಚಿಕ್ಕ ಚಿನ್ನದ ನಾಣ್ಯಗಳಿಗೆ. ಅವುಗಳ ನಿಖರತೆಯನ್ನು ಪ್ರತಿದಿನ ಬೆಳಿಗ್ಗೆ ಪರೀಕ್ಷಿಸಲು ಪ್ರಮಾಣಿತ ತೂಕದ ಬಟ್ಟುಗಳು, ವರ್ನಿಯರ್ ಕ್ಯಾಲಿಪರ್, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಓರೆಯಾಗಿ ಬೀಳುವ ಒಂದೇ ದೀಪ, ಬಲವಾದ ನಿಯೋಡಿಮಿಯಂ ಆಯಸ್ಕಾಂತ, ನೀರು ತುಂಬಿದ ಗಾಜಿನ ಲೋಟ ಮತ್ತು ತೆಳು ದಾರ ಇರಲಿ. ವಹಿವಾಟು ದೊಡ್ಡದಾದರೆ ಲೋಹದ ಮಿಶ್ರಣವನ್ನು ಗುರುತಿಸುವ ಎಕ್ಸ್-ರೇ ಪ್ರತಿದೀಪ್ತಿ ಯಂತ್ರ ಅಥವಾ ವಿದ್ಯುತ್ ವಾಹಕತೆಯನ್ನು ಅಳೆಯುವ ಉಪಕರಣವನ್ನೂ ಕೊಳ್ಳಬೇಕಾಗುತ್ತದೆ. ನೀವು ವ್ಯವಹರಿಸುವ ದೇಶಗಳ ಇತ್ತೀಚಿನ ನಾಣ್ಯ ಕೈಪಿಡಿಗಳು, ಪಿವಿಸಿ ಇಲ್ಲದ ನಾಣ್ಯಚೀಲಗಳು ಮತ್ತು ಎರಡು ಬೇರೆ ಬೇರೆ ಬಣ್ಣದ ಲೆಕ್ಕದ ಪುಸ್ತಕಗಳೂ ಬೇಕು. ಕೊನೆಯದನ್ನು ಕ್ಷುಲ್ಲಕವೆಂದು ಬಿಟ್ಟವರೇ ಹೆಚ್ಚು. ಮೊದಲ ಹಂತ ಶುರುವಾಗುವುದು ಅದರಿಂದಲೇ.

1. ಹಣವನ್ನು ಮೂರು ಭಾಗ ಮಾಡುವುದು

ಗಟ್ಟಿಗೆ ಒಂದು ಖಾತೆ, ಸಂಗ್ರಹಕ್ಕೆ ಒಂದು ಖಾತೆ, ಯಾವುದಕ್ಕೂ ಸೇರದ ಮೀಸಲು ಒಂದು. ಬ್ಯಾಂಕಿನಲ್ಲಿ ಮೂರು ಖಾತೆ ತೆರೆಯಲು ಸಾಧ್ಯವಾಗದಿದ್ದರೆ ಪುಸ್ತಕದಲ್ಲಾದರೂ ಮೂರು ಇರಲೇಬೇಕು.

ಕಾರಣವನ್ನು ಲೆಕ್ಕದಿಂದ ನೋಡಿ. ಗಟ್ಟಿಯಲ್ಲಿ ತೊಡಗಿಸಿದ ನೂರಕ್ಕೆ ಎರಡರಷ್ಟು ಲಾಭ ಸಿಕ್ಕಿ, ಆ ನೂರು ತಿಂಗಳಿಗೆ ಮೂರು ಸಲ ಕೈ ಬದಲಾಯಿಸಿದರೆ ತಿಂಗಳಿಗೆ ಆರು ಬಂದಂತಾಯಿತು. ಸಂಗ್ರಹದ ನಾಣ್ಯದಲ್ಲಿ ನೂರಕ್ಕೆ ಮೂವತ್ತು ಲಾಭ ಸಿಕ್ಕರೂ ಅದು ಮಾರಾಟವಾಗಲು ಎಂಟು ತಿಂಗಳು ಹಿಡಿದರೆ ತಿಂಗಳಿಗೆ ನಾಲ್ಕಕ್ಕಿಂತ ಕಡಿಮೆ. ಮೂವತ್ತನ್ನು ಕಂಡು ಗಟ್ಟಿಯನ್ನು ತಾತ್ಸಾರ ಮಾಡುವವರೂ ಆರನ್ನು ಕಂಡು ಸಂಗ್ರಹವನ್ನು ತಾತ್ಸಾರ ಮಾಡುವವರೂ ಇದೇ ಲೆಕ್ಕದ ಅರ್ಧವನ್ನಷ್ಟೇ ಓದಿರುತ್ತಾರೆ. ಗಟ್ಟಿಯ ಆರು, ಬೆಲೆ ಒಂದೇ ದಿನ ಹತ್ತರಷ್ಟು ಕುಸಿದರೆ ಅಳಿಸಿಹೋಗುತ್ತದೆ. ಸಂಗ್ರಹದ ಎಂಟು ತಿಂಗಳನ್ನು ಎಂಟು ದಿನಕ್ಕೆ ಇಳಿಸಲು ದಾರಿಯಿದೆ. ಅದು ಏಳನೆಯ ಹಂತದಲ್ಲಿ ಬರುತ್ತದೆ.

ಗಟ್ಟಿಯ ಲಾಭದ ಒಂದು ನಿಗದಿತ ಪಾಲು ತಿಂಗಳಿಗೊಮ್ಮೆ ಸಂಗ್ರಹದ ಖಾತೆಗೆ ಹೋಗಲಿ. ಬೆಲೆ ಏರಿ ಮಾರುವವರ ಸಾಲು ಬಾಗಿಲಿನ ಆಚೆಗೂ ಬೆಳೆದ ದಿನ ಸಂಗ್ರಹದ ಹಣಕ್ಕೆ ಕೈ ಹಾಕಬೇಡಿ. ಅಂಥ ದಿನಕ್ಕಾಗಿಯೇ ಮೀಸಲು ಇರುವುದು. ಮೀಸಲೂ ಮುಗಿದರೆ ಅಂದಿನ ಖರೀದಿಯನ್ನು ನಿಲ್ಲಿಸಿ, ಬಂದವರಿಗೆ ಹಾಗೆಂದೇ ಹೇಳಿ.

2. ಎರಡು ದರಪಟ್ಟಿ ಬರೆಯುವುದು

ಗಟ್ಟಿಯ ದರ ಸ್ಪಾಟ್ ಬೆಲೆಯ, ಅಂದರೆ ಮಾರುಕಟ್ಟೆಯಲ್ಲಿ ಲೋಹಕ್ಕೆ ಆ ಕ್ಷಣ ಇರುವ ಬೆಲೆಯ, ಬಾಲ ಹಿಡಿದು ಹೋಗುತ್ತದೆ. ಪ್ರತಿ ಸರಕಿಗೂ ಸ್ಪಾಟ್‌ನ ಶೇಕಡಾ ಎಷ್ಟಕ್ಕೆ ಕೊಳ್ಳುತ್ತೀರಿ, ಎಷ್ಟಕ್ಕೆ ಮಾರುತ್ತೀರಿ ಎಂಬ ಎರಡೇ ಅಂಕಿಗಳನ್ನು ಬರೆದು ಹಲಗೆಗೆ ಹಾಕಿ, ಪಕ್ಕದಲ್ಲಿ ಗಂಟೆ ನಿಮಿಷವನ್ನೂ ನಮೂದಿಸಿ. ಹೇಳಿದ ದರ ಹತ್ತು ನಿಮಿಷ ಮಾತ್ರ ಊರ್ಜಿತ ಎಂಬ ನಿಯಮವಿರಲಿ. ಲಂಡನ್ನಿನ ಮಾನದಂಡ ಬೆಲೆ ಚಿನ್ನಕ್ಕೆ ಅಲ್ಲಿನ ಸಮಯ ಬೆಳಿಗ್ಗೆ 10:30 ಮತ್ತು ಮಧ್ಯಾಹ್ನ 3ಕ್ಕೆ, ಬೆಳ್ಳಿಗೆ ನಡುಮಧ್ಯಾಹ್ನ 12ಕ್ಕೆ ನಿಗದಿಯಾಗುತ್ತದೆ. ಆದರೆ ಎದುರಿಗೆ ನಿಂತ ಗಿರಾಕಿ ತನ್ನ ಫೋನಿನಲ್ಲಿ ನೋಡುತ್ತಿರುವುದು ಆ ಕ್ಷಣದ ಸ್ಪಾಟ್ ಬೆಲೆಯನ್ನು. ನಿಮ್ಮ ಹಲಗೆ ಅದಕ್ಕಿಂತ ಹಿಂದುಳಿದಿದ್ದರೆ ಜಗಳಕ್ಕೆ ಬೇರೆ ಕಾರಣ ಬೇಕಿಲ್ಲ.

ಸ್ಪಾಟ್ ಬೆಲೆಯ ಮೇಲೆ ಸೇರುವ ಹೆಚ್ಚುವರಿ ಬೆಲೆ, ಅಂದರೆ ಪ್ರೀಮಿಯಂ, ಸ್ಥಿರವೆಂದು ನಂಬಬೇಡಿ. 2020ರ ಮಾರ್ಚ್‌ನಲ್ಲಿ ಬೆಳ್ಳಿಯ ಸ್ಪಾಟ್ ಬೆಲೆ ಔನ್ಸಿಗೆ 12 ಡಾಲರಿಗಿಂತ ಕೆಳಗಿಳಿದಾಗ ಶುದ್ಧೀಕರಣ ಘಟಕಗಳು ಮುಚ್ಚಿ ಸರಕು ಸಿಗದಂತಾಗಿ, ಚಿಲ್ಲರೆ ನಾಣ್ಯಗಳ ಪ್ರೀಮಿಯಂ ಮೇಲಕ್ಕೆ ಜಿಗಿಯಿತು. ಸ್ಪಾಟ್ ಇಳಿಯಿತೆಂದು ಹಳೆಯ ಪ್ರೀಮಿಯಂನಲ್ಲೇ ದಾಸ್ತಾನು ಖಾಲಿ ಮಾಡಿದವರಿಗೆ ಮತ್ತೆ ಸರಕು ತುಂಬಲು ಮಾರಿದ ಹಣ ಸಾಲಲಿಲ್ಲ. ಆದ್ದರಿಂದ ಮಾರುವ ದರವನ್ನು ಸ್ಪಾಟ್‌ನಿಂದ ಮಾತ್ರವಲ್ಲದೆ, ಅದೇ ಸರಕನ್ನು ಸಗಟು ವ್ಯಾಪಾರಿಯಿಂದ ಮರಳಿ ಕೊಳ್ಳಲು ಇಂದು ತಗಲುವ ವೆಚ್ಚದಿಂದಲೂ ಲೆಕ್ಕ ಹಾಕಬೇಕು.

ಸಂಗ್ರಹದ ನಾಣ್ಯದ ದರಕ್ಕೆ ಆಧಾರ ಹರಾಜಿನಲ್ಲಿ ನಿಜವಾಗಿ ಕೈಸೇರಿದ ಬೆಲೆ. ಯಾರೋ ಕೇಳುತ್ತಿರುವ ಬೆಲೆ ಆಧಾರವಲ್ಲ, ಏಕೆಂದರೆ ಕೇಳುವುದಕ್ಕೆ ಖರ್ಚಿಲ್ಲ. ಇಲ್ಲಿ ಬಹಳ ಅಂಗಡಿಗಳು ಮಾಡುವ ಒಂದು ತಪ್ಪಿದೆ: ಎರಡು ವರ್ಷದ ಹಿಂದೆ ಅಂಟಿಸಿದ ಬೆಲೆಚೀಟಿ ಹಾಗೇ ಉಳಿದಿರುತ್ತದೆ, ಅಷ್ಟರಲ್ಲಿ ಲೋಹದ ಬೆಲೆ ಅದನ್ನು ದಾಟಿರುತ್ತದೆ. ಚುರುಕಾದ ಗಿರಾಕಿ ತಟ್ಟೆಯಲ್ಲಿನ ಸಾಮಾನ್ಯ ಇಸವಿಯ ನಾಣ್ಯಗಳನ್ನೆಲ್ಲ ಎಣಿಸಿ ಕೊಂಡು, ಕರಗುವ ಬೆಲೆಗೇ ಬೇರೆಡೆ ಮಾರಿದರೂ ಲಾಭ ಮಾಡುತ್ತಾನೆ. ಇದನ್ನು ತಪ್ಪಿಸಲು ಪ್ರತಿ ಚೀಟಿಯ ಹಿಂಬದಿಯಲ್ಲಿ ಆ ನಾಣ್ಯದ ಶುದ್ಧ ಲೋಹದ ತೂಕವನ್ನು ಗ್ರಾಂನಲ್ಲಿ ಬರೆದಿಡಿ. ಅಮೆರಿಕದ ಹಳೆಯ ಬೆಳ್ಳಿ ನಾಣ್ಯವಾದ ಮಾರ್ಗನ್ ಡಾಲರಿಗೆ 24.06, 1939ರವರೆಗಿನ ಬ್ರಿಟಿಷ್ ಇಂಡಿಯಾ ಬೆಳ್ಳಿ ರೂಪಾಯಿಗೆ 10.69, ಬ್ರಿಟನ್ನಿನ ಚಿನ್ನದ ನಾಣ್ಯವಾದ ಸಾವರಿನ್‌ಗೆ 7.32. ಅಂಗಡಿಯ ಹುಡುಗನಿಗೂ ಒಂದು ಗುಣಾಕಾರದಲ್ಲಿ ತಳದ ಬೆಲೆ ಗೊತ್ತಾಗುತ್ತದೆ.

3. ಬಂದ ಸರಕನ್ನು ಪರೀಕ್ಷಿಸುವುದು

ಪರೀಕ್ಷೆ ಮುಗಿಯುವ ಮೊದಲು ಬೆಲೆ ಹೇಳಬಾರದು. ಮೊದಲು ಕಣ್ಣು, ಬಳಿಕ ತೂಕ, ಬಳಿಕ ಅಳತೆ, ಬಳಿಕ ಸಾಂದ್ರತೆ, ಕೊನೆಗೆ ಯಂತ್ರ. ಅಗ್ಗದ ಪರೀಕ್ಷೆಯಲ್ಲೇ ಸೋತ ನಾಣ್ಯಕ್ಕೆ ದುಬಾರಿ ಪರೀಕ್ಷೆ ಬೇಕಿಲ್ಲ.

ಒಂದು ಸಾವರಿನ್ ಬಂದಿದೆ ಎಂದುಕೊಳ್ಳಿ. ತೂಕ 7.98 ಗ್ರಾಂ, ವ್ಯಾಸ 22.05 ಮಿಲಿಮೀಟರ್ ಇರಬೇಕು. ಎರಡೂ ಸರಿಯಿದ್ದರೆ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳಕ್ಕಾಗಲಿ ಗೋಡೆಗಾಗಲಿ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ 0.456 ಎಂದು ತೋರಿಸಿದರೆ, 7.98ನ್ನು ಅದರಿಂದ ಭಾಗಿಸಿದಾಗ 17.5 ಬರುತ್ತದೆ. 22 ಕ್ಯಾರೆಟ್ ಚಿನ್ನಕ್ಕೆ ಅದು ಒಪ್ಪುವ ಸಾಂದ್ರತೆ. ನಾಣ್ಯಕ್ಕೆ ಅಂಟಿದ ಒಂದು ಗಾಳಿಗುಳ್ಳೆ ಲೆಕ್ಕವನ್ನು ಕೆಡಿಸುವುದರಿಂದ, ಮುಳುಗಿಸಿದ ಮೇಲೆ ದಾರವನ್ನು ಮೆಲ್ಲನೆ ಕುಲುಕಬೇಕು. 0.01 ಗ್ರಾಂ ತಕ್ಕಡಿಯಲ್ಲಿ ಇದನ್ನು ಮಾಡಿದರೆ ಕೊನೆಯ ಅಂಕಿಯ ಒಂದು ಹೆಜ್ಜೆಯೇ ಶೇಕಡಾ ಎರಡರಷ್ಟು ವ್ಯತ್ಯಾಸ ತರುತ್ತದೆ. ಎರಡನೆಯ ತಕ್ಕಡಿ ಬೇಕೆಂದದ್ದು ಇದಕ್ಕೆ.

ಅಪರಂಜಿ ಗಟ್ಟಿಯಲ್ಲಿ ಈ ಉಪಾಯ ಕೈಕೊಡುತ್ತದೆ. ಚಿನ್ನದ ಸಾಂದ್ರತೆ 19.3, ಟಂಗ್‌ಸ್ಟನ್‌ನದು 19.25, ಒಳಗೆ ಟಂಗ್‌ಸ್ಟನ್ ತುಂಬಿದ ಗಟ್ಟಿಯನ್ನು ನೀರು ಹಿಡಿಯಲಾರದು. ಎಕ್ಸ್-ರೇ ಯಂತ್ರವೂ ಮೇಲ್ಮೈಯ ತೆಳುಪದರವನ್ನಷ್ಟೇ ಓದುತ್ತದೆ. ಅಲ್ಲಿ ವಾಹಕತೆ ಅಥವಾ ಶಬ್ದಾತೀತ ತರಂಗದ ಪರೀಕ್ಷೆಯೇ ಬೇಕು. ಉಪಕರಣವಿಲ್ಲದ ಅಂಗಡಿ ದೊಡ್ಡ ಗಟ್ಟಿಯನ್ನು ಶುದ್ಧೀಕರಣ ಘಟಕದ ವರದಿ ಬಂದ ಮೇಲೆ ಪಾವತಿಸುವ ಷರತ್ತಿನ ಮೇಲೆ ಮಾತ್ರ ತೆಗೆದುಕೊಳ್ಳಲಿ. ಬೆಳ್ಳಿಗೆ ಆಯಸ್ಕಾಂತವನ್ನು ಓರೆಯಾಗಿ ಹಿಡಿದ ಗಟ್ಟಿಯ ಮೇಲೆ ಜಾರಿಸಿ ನೋಡಬಹುದು: ನಿಜವಾದ ಬೆಳ್ಳಿಯ ಮೇಲೆ ಅದು ಅಂಟುವುದಿಲ್ಲ, ಆದರೆ ಯಾರೋ ಹಿಂದಕ್ಕೆ ಎಳೆಯುತ್ತಿರುವಂತೆ ನಿಧಾನವಾಗಿ ಇಳಿಯುತ್ತದೆ. ತಾಮ್ರದ ಮೇಲೂ ಹಾಗೆಯೇ ಇಳಿಯುವುದರಿಂದ ಇದೊಂದನ್ನೇ ನೆಚ್ಚಬಾರದು.

ತೂಕ ಸರಿಯಿದ್ದೂ ಮೋಸ ಹೋಗುವ ಇನ್ನೊಂದು ಜಾಗವಿದೆ, ಅದರಲ್ಲಿ ಖೋಟಾ ನಾಣ್ಯದ ಪ್ರಶ್ನೆಯೇ ಇಲ್ಲ. 1939ರವರೆಗಿನ ಬ್ರಿಟಿಷ್ ಇಂಡಿಯಾ ರೂಪಾಯಿಯೂ 1940ರ ರೂಪಾಯಿಯೂ 11.66 ಗ್ರಾಂ ತೂಗುತ್ತವೆ. ಮೊದಲನೆಯದರಲ್ಲಿ ಸಾವಿರಕ್ಕೆ 917 ಭಾಗ ಬೆಳ್ಳಿ, ಎರಡನೆಯದರಲ್ಲಿ 500. ಬ್ರಿಟನ್ನಿನ ಬೆಳ್ಳಿ ನಾಣ್ಯಗಳಲ್ಲಿ 1919ರವರೆಗೆ 925 ಇದ್ದದ್ದು 1920ರಿಂದ 500ಕ್ಕೆ ಇಳಿದು, 1947ರಿಂದ ಬೆಳ್ಳಿಯೇ ಇಲ್ಲವಾಯಿತು. ತೂಕ ಮಾತ್ರ ಹಾಗೇ ಉಳಿಯಿತು. ಅಮೆರಿಕದ ಅರ್ಧ ಡಾಲರು 1964ರಲ್ಲಿ ಶೇಕಡಾ 90 ಬೆಳ್ಳಿ, 1965ರಿಂದ 1970ರವರೆಗೆ ಶೇಕಡಾ 40. ಇಸವಿ ಓದದೆ ರಾಶಿಯನ್ನು ಒಟ್ಟಿಗೆ ತೂಗಿ ಹಣ ಕೊಡುವವರು ಬೆಳ್ಳಿಯ ಬೆಲೆಗೆ ತಾಮ್ರ, ನಿಕ್ಕಲ್‌ಗಳನ್ನು ಕೊಳ್ಳುತ್ತಿರುತ್ತಾರೆ.

4. ವಿಂಗಡಣೆಯ ಮೇಜು

ಇಡೀ ಅಂಗಡಿಯಲ್ಲಿ ಎರಡು ವ್ಯಾಪಾರಗಳು ನಿಜವಾಗಿ ಸಂಧಿಸುವ ಜಾಗ ಇದೊಂದೇ. ‘ಚಿನ್ನ ಬೆಳ್ಳಿ ಕೊಳ್ಳುತ್ತೇವೆ’ ಎಂಬ ಫಲಕ ಕಂಡು ಯಾರೋ ತಂದೆಯ ಕಾಲದ ತಗಡಿನ ಡಬ್ಬಿ ಹಿಡಿದು ಬರುತ್ತಾರೆ. ಆ ಡಬ್ಬಿಯ ತಳದಲ್ಲಿ ಸಂಗ್ರಾಹಕರು ವರ್ಷಗಟ್ಟಲೆ ಹುಡುಕುತ್ತಿರುವ ನಾಣ್ಯವಿರುತ್ತದೆ. ಗಟ್ಟಿಯ ಫಲಕವಿಲ್ಲದ ಅಂಗಡಿಗೆ ಡಬ್ಬಿ ಬರುವುದಿಲ್ಲ, ಸಂಗ್ರಹದ ಜ್ಞಾನವಿಲ್ಲದ ಅಂಗಡಿಯಲ್ಲಿ ಅದು ನೇರವಾಗಿ ಮೂಸೆಗೆ ಹೋಗುತ್ತದೆ. ಅಂಗಡಿಯಲ್ಲಿ ಅತ್ಯಂತ ಅನುಭವವಿರುವ ಕಣ್ಣು ಗಲ್ಲಾಪೆಟ್ಟಿಗೆಯ ಹಿಂದೆ ಕೂರಬಾರದು, ಈ ಮೇಜಿನ ಮುಂದೆ ಕೂರಬೇಕು. ಇದನ್ನು ಎಷ್ಟು ಸಲ ಹೇಳಿದರೂ ಮಾಲೀಕರು ಗಲ್ಲ ಬಿಟ್ಟು ಏಳುವುದಿಲ್ಲ.

ಕ್ರಮ ಹೀಗಿರಲಿ. ಡಬ್ಬಿಯನ್ನು ತಂದವರ ಕಣ್ಣೆದುರೇ ಮೆತ್ತನೆಯ ಬಟ್ಟೆಯ ಮೇಲೆ ಬರಿದು ಮಾಡಿ. ಮೊದಲು ದೇಶದ ಪ್ರಕಾರ, ನಂತರ ಮುಖಬೆಲೆಯ ಪ್ರಕಾರ, ನಂತರ ಇಸವಿಯ ಪ್ರಕಾರ ಸಾಲು ಮಾಡಿ. ಸ್ಥಿತಿಯನ್ನು ಈಗಲೇ ನೋಡಬೇಡಿ. ಹೊಳೆಯುವ ಸಾಮಾನ್ಯ ನಾಣ್ಯದ ಹಿಂದೆ ಕಣ್ಣು ಓಡಿದರೆ, ಮಸುಕಾದ ಅಪರೂಪದ ನಾಣ್ಯ ತಪ್ಪಿಹೋಗುತ್ತದೆ. ಇಸವಿಯ ಸಾಲು ಸಿದ್ಧವಾದ ಮೇಲೆ ಪ್ರತಿ ಸಾಲಿಗೂ ನೀವೇ ಮೊದಲೇ ಬರೆದಿಟ್ಟ ‘ತಡೆಯುವ ಪಟ್ಟಿ’ಯನ್ನು, ಅಂದರೆ ಗಟ್ಟಿಯ ರಾಶಿಗೆ ಹೋಗದಂತೆ ತಡೆಯಬೇಕಾದ ನಾಣ್ಯಗಳ ಪಟ್ಟಿಯನ್ನು, ಹೋಲಿಸಿ.

ಆ ಪಟ್ಟಿ ಒಂದು ಪುಟಕ್ಕಿಂತ ದೊಡ್ಡದಾಗಬಾರದು. ಮಾರ್ಗನ್ ಡಾಲರಿನ ಸಾಲಿನಲ್ಲಿ 1893ರ ಇಸವಿ ಕಂಡರೆ ಹಿಂಬದಿಯಲ್ಲಿ ಹದ್ದಿನ ಕೆಳಗಿನ ಹಾರದ ಬಳಿ ‘ಎಸ್’ ಗುರುತಿದೆಯೇ ಎಂದು ನೋಡಬೇಕು. ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆ ಆ ವರ್ಷ ಹೊಡೆದದ್ದು 1,00,000 ಡಾಲರುಗಳನ್ನು ಮಾತ್ರ. ರೂಪಾಯಿಯ ಸಾಲಿನಲ್ಲಿ 1939ನ್ನು ತಡೆಯಬೇಕು. 1911ರ ಐದನೆಯ ಜಾರ್ಜ್ ರೂಪಾಯಿಯನ್ನೂ ತಡೆಯಬೇಕು: ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂಬ ದೂರಿನಿಂದ ಮರುವರ್ಷವೇ ಆ ಚಿತ್ರವನ್ನು ತಿದ್ದಲಾಯಿತು, ಆದ್ದರಿಂದ ಆ ಇಸವಿಯನ್ನು ಕೇಳಿಕೊಂಡು ಬರುವವರಿದ್ದಾರೆ. ಸಾವರಿನ್‌ನಲ್ಲಿ 1917 ಎಂದಿದ್ದು, ಇಸವಿಯ ಮೇಲಿನ ನೆಲದ ಗೆರೆಯಲ್ಲಿ ಟಂಕಸಾಲೆಯ ಅಕ್ಷರವಿಲ್ಲದಿದ್ದರೆ ಅದು ಲಂಡನ್ನಿನದು, ಅಪರೂಪದ್ದು.

ಪಟ್ಟಿಯಲ್ಲಿರುವ ನಾಣ್ಯ ಸಿಕ್ಕ ಸಂತೋಷದಲ್ಲಿ ಮರೆಯುವ ವಿಷಯವೆಂದರೆ, ಖೋಟಾದವರ ಬಳಿಯೂ ಇದೇ ಪಟ್ಟಿಯಿದೆ. 1893ರ ಬೇರೆ ಟಂಕಸಾಲೆಯ ಡಾಲರಿಗೆ ‘ಎಸ್’ ಅಂಟಿಸುವುದು, 1938ರ ಎಂಟನ್ನು ಕೆತ್ತಿ ಒಂಬತ್ತು ಮಾಡುವುದು ಹಳೆಯ ಕಸುಬು. ಅಕ್ಷರದ ಬುಡದಲ್ಲಿ ಸಣ್ಣ ಬಿರುಕಿನಂಥ ಗೆರೆ, ಅಂಕಿಯ ಸುತ್ತ ಮಾತ್ರ ಬೇರೆ ಬಣ್ಣದ ನೆಲ, ಉಳಿದ ಅಂಕಿಗಳಿಗಿಂತ ತಗ್ಗಿದ ಎತ್ತರ ಕಂಡರೆ ನಾಣ್ಯವನ್ನು ಹೊರಗಿನ ಪ್ರಮಾಣೀಕರಣಕ್ಕೆ ಕಳುಹಿಸಬೇಕೇ ಹೊರತು ಮೇಜಿನ ಮೇಲೆ ತೀರ್ಮಾನ ಮಾಡಬಾರದು.

ತಡೆಯುವ ಪಟ್ಟಿ ಮುಗಿದ ಮೇಲೆ ಸ್ಥಿತಿಯ ಸರದಿ. ಲೋಹದ ಬೆಲೆಗಿಂತ ಹೆಚ್ಚೇನೂ ಇಲ್ಲದ ಇಸವಿಯ ನಾಣ್ಯವೂ ಚಲಾವಣೆಗೇ ಬಾರದಂಥ ಹೊಸ ಸ್ಥಿತಿಯಲ್ಲಿದ್ದರೆ ಸಂಗ್ರಹಕ್ಕೆ ಸೇರುತ್ತದೆ. ದೀಪದಡಿಯಲ್ಲಿ ನಾಣ್ಯವನ್ನು ನಿಧಾನವಾಗಿ ಓರೆ ಮಾಡಿದಾಗ ಬೆಳಕು ಚಕ್ರದ ಅರದಂತೆ ಸುತ್ತಿದರೆ ಟಂಕದ ಹೊಳಪು ಉಳಿದಿದೆ; ಕೆನ್ನೆ, ಕೂದಲು, ಹದ್ದಿನ ಎದೆಯಂಥ ಉಬ್ಬುಗಳಲ್ಲಿ ಬೆಳಕು ಕಡಿದುಹೋದರೆ ಸವೆತವಿದೆ. ನಾಣ್ಯದ ಸ್ಥಿತಿಗೆ 1ರಿಂದ 70ರವರೆಗೆ ಅಂಕ ಕೊಡುವ ಶೆಲ್ಡನ್ ಅಳತೆಯಲ್ಲಿ ಸವೆದ ಮತ್ತು ಸವೆಯದ ನಾಣ್ಯಗಳನ್ನು ಬೇರ್ಪಡಿಸುವ 60ರ ಗೆರೆ ಇದೇ.

ಎಲ್ಲಕ್ಕಿಂತ ಮುಖ್ಯವಾಗಿ, ಈ ಮೇಜಿನ ಮೇಲೆ ಯಾವ ನಾಣ್ಯವನ್ನೂ ಉಜ್ಜಬಾರದು. ನಾನು ಕಂಡ ಒಂದು ಅಂಗಡಿಯಲ್ಲಿ ಹೊಸದಾಗಿ ಸೇರಿದ ಸಹಾಯಕ, ಇಸವಿ ಸ್ಪಷ್ಟವಾಗಲೆಂದು ಒಳ್ಳೆಯ ಮನಸ್ಸಿನಿಂದಲೇ, ಒಂದು ತಟ್ಟೆ ಬೆಳ್ಳಿ ನಾಣ್ಯಗಳನ್ನು ಹಲ್ಲುಜ್ಜುವ ಪುಡಿಯಿಂದ ತೊಳೆದಿಟ್ಟಿದ್ದ. ಎಲ್ಲವೂ ಫಳಫಳ ಹೊಳೆಯುತ್ತಿದ್ದವು. ಭೂತಗನ್ನಡಿಯಡಿಯಲ್ಲಿ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಸಾಲಾಗಿ ಕಂಡವು. ಆ ತಟ್ಟೆ ಅಂದೇ ಗಟ್ಟಿಯ ರಾಶಿಗೆ ಸೇರಿತು.

ತಂದವರಿಗೆ ಕೊಡುವ ರಸೀದಿಯಲ್ಲಿ ಎರಡು ಭಾಗಗಳಿರಲಿ: ಇಷ್ಟು ಗ್ರಾಂ ಲೋಹಕ್ಕೆ ಇಷ್ಟು, ಈ ಈ ನಾಣ್ಯಗಳಿಗೆ ಬಿಡಿಬಿಡಿಯಾಗಿ ಇಷ್ಟು. ಅಪರೂಪದ ನಾಣ್ಯವನ್ನು ಗುರುತಿಸಿಯೂ ಕರಗುವ ಬೆಲೆಗೆ ಕೊಂಡರೆ ಆ ದಿನ ಲಾಭವಾದೀತು. ಮುಂದಿನ ಡಬ್ಬಿ ಬರುವುದಿಲ್ಲ.

5. ಸಂಜೆಯೊಳಗೆ ಬೆಲೆಯನ್ನು ಭದ್ರಪಡಿಸುವುದು

ಬಾಗಿಲು ಹಾಕುವ ಮುನ್ನ ಪ್ರತಿ ಲೋಹಕ್ಕೂ ಒಂದೇ ಅಂಕಿ ಬರೆಯಬೇಕು: ಇಂದು ಕೊಂಡದ್ದರಲ್ಲಿ ಮಾರಿದ್ದನ್ನು ಕಳೆದು ಉಳಿದ ಗ್ರಾಂ. 3,200 ಗ್ರಾಂ ಬೆಳ್ಳಿ ಕೊಂಡು 1,400 ಮಾರಿದ್ದರೆ 1,800 ಉಳಿಯಿತು. ನೀವು ಹಾಕಿಕೊಂಡ ಮಿತಿ 500 ಆಗಿದ್ದರೆ ಮಿಕ್ಕ 1,300 ಗ್ರಾಮನ್ನು ಸಗಟು ವ್ಯಾಪಾರಿಗೆ ಫೋನಿನಲ್ಲೇ ಮಾರಿ, ದರವನ್ನು ಲಿಖಿತವಾಗಿ ಪಡೆಯಿರಿ. ಸರಕು ನಾಳೆ ಹೋದರೂ ಬೆಲೆ ಇಂದಿನದು. ಗಟ್ಟಿಯ ಲಾಭ ಕೊಳ್ಳುವ ಮತ್ತು ಮಾರುವ ದರಗಳ ನಡುವಿನ ಅಂತರದಿಂದ ಬರಬೇಕು. ಬೆಲೆ ಏರುತ್ತದೆಂಬ ನಂಬಿಕೆಯಿಂದ ಬರುವ ಲಾಭ ಜೂಜಿನದು. 2011ರ ಮೇ ತಿಂಗಳ ಮೊದಲ ವಾರದಲ್ಲಿ ಬೆಳ್ಳಿ ತನ್ನ ಬೆಲೆಯ ಕಾಲು ಭಾಗಕ್ಕೂ ಹೆಚ್ಚನ್ನು ಕಳೆದುಕೊಂಡಿತು. ಆ ವಾರ ‘ನಾಳೆ ನೋಡೋಣ’ ಎಂದವರಿಗೆ ಶೇಕಡಾ ಎರಡರ ಲಾಭಾಂಶ ಯಾವ ಆಸರೆಯನ್ನೂ ಕೊಡಲಿಲ್ಲ.

ಇಂದೇ ಬೆಲೆ ಗೊತ್ತುಮಾಡಿ ಮುಂದಿನ ದಿನಾಂಕಕ್ಕೆ ಕೊಳ್ಳುವ, ಮಾರುವ ವಾಯಿದಾ ಮಾರುಕಟ್ಟೆಯನ್ನು ಬಳಸಬಹುದೇ ಎಂದು ಕೇಳುವವರಿಗೆ: ನ್ಯೂಯಾರ್ಕಿನ ಕಾಮೆಕ್ಸ್‌ನಲ್ಲಿ ಬೆಳ್ಳಿಯ ಪೂರ್ಣ ಒಪ್ಪಂದ 5,000 ಟ್ರಾಯ್ ಔನ್ಸ್, ಅಂದರೆ ಸುಮಾರು 155 ಕಿಲೋ. ಚಿನ್ನದ್ದು 100 ಔನ್ಸ್. ಚಿಕ್ಕ ಒಪ್ಪಂದಗಳೂ ಇವೆಯಾದರೂ, ಸಾಮಾನ್ಯ ಅಂಗಡಿಗೆ ಒಬ್ಬ ನಂಬಿಕಸ್ತ ಸಗಟು ವ್ಯಾಪಾರಿ ಅದಕ್ಕಿಂತ ಹೆಚ್ಚು ಉಪಯುಕ್ತ.

ಅಂಕಿ ಋಣವಾಗಿ ಬಂದರೆ, ಅಂದರೆ ಕೈಯಲ್ಲಿಲ್ಲದ ಸರಕನ್ನು ಮುಂಗಡಕ್ಕೆ ಮಾರಿದ್ದರೆ, ಅಷ್ಟನ್ನೂ ಅದೇ ಸಂಜೆ ಕೊಳ್ಳಬೇಕು. ಇದಕ್ಕೆ ಮಿತಿಯಿಲ್ಲ, ವಿನಾಯಿತಿಯಿಲ್ಲ. ಸಂಗ್ರಹದ ಖಾತೆಗೆ ಹೋದ ನಾಣ್ಯಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

6. ಕೌಂಟರಿನ ಸಮಯ ಹಂಚುವುದು

ಗಟ್ಟಿಯ ಗಿರಾಕಿಗೆ ಐದು ನಿಮಿಷ ಸಾಕು, ಸಂಗ್ರಾಹಕನಿಗೆ ಅರ್ಧ ಗಂಟೆಯೂ ಕಡಿಮೆ. ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಮೊದಲನೆಯವನು ಕೈಯಲ್ಲಿ ದೊಡ್ಡ ಹಣ ಹಿಡಿದು ಚಡಪಡಿಸುತ್ತಾನೆ, ಎರಡನೆಯವನು ಮುಜುಗರಪಟ್ಟು ನೋಡಬೇಕಾದ್ದನ್ನು ನೋಡದೆ ಹೋಗುತ್ತಾನೆ. ಇಬ್ಬರು ಕೆಲಸ ಮಾಡುವ ಅಂಗಡಿಯಲ್ಲಿ ಎರಡು ಕೌಂಟರು, ಸಂಗ್ರಾಹಕರ ಕಡೆ ಕುರ್ಚಿ ಮತ್ತು ದೀಪ. ಒಬ್ಬರೇ ಇದ್ದರೆ ವಾರದಲ್ಲಿ ಎರಡು ಮಧ್ಯಾಹ್ನಗಳನ್ನು ಸಂಗ್ರಾಹಕರಿಗೆಂದೇ ಮುಡಿಪಾಗಿಟ್ಟು ಬಾಗಿಲಿಗೆ ಬರೆದು ಹಾಕಿ. ಬೆಲೆ ಜಿಗಿದ ದಿನವೂ ಆ ಮಧ್ಯಾಹ್ನವನ್ನು ರದ್ದು ಮಾಡಬಾರದು. ಎರಡು ಸಲ ರದ್ದಾದ ಮೇಲೆ ಅವರು ಮೂರನೆಯ ಸಲ ಬರುವುದಿಲ್ಲ.

7. ಸಂಗ್ರಾಹಕರ ಬೇಡಿಕೆಯನ್ನು ಬರೆದಿಡುವುದು

ಪ್ರತಿ ಸಂಗ್ರಾಹಕನಿಗೂ ಒಂದು ಕಾರ್ಡ್: ಯಾವ ನಾಣ್ಯ, ಯಾವ ಸ್ಥಿತಿಗಿಂತ ಕಡಿಮೆ ಬೇಡ, ಎಷ್ಟರವರೆಗೆ ಕೊಡಬಲ್ಲ, ಕಾರ್ಡ್ ಬರೆದ ದಿನಾಂಕ. ಈ ಪೆಟ್ಟಿಗೆಯ ಜಾಗ ವಿಂಗಡಣೆಯ ಮೇಜಿನ ಪಕ್ಕ. ಡಬ್ಬಿಯಿಂದ ಒಂದು ನಾಣ್ಯ ಎದ್ದು ಬಂದ ಕೂಡಲೇ ಕಾರ್ಡ್ ತೆಗೆದು, ಅದೇ ದಿನ ಫೋನ್ ಮಾಡಿದರೆ, ಎಂಟು ತಿಂಗಳು ಕಪಾಟಿನಲ್ಲಿ ಕೂರಬೇಕಿದ್ದ ಹಣ ವಾರದೊಳಗೆ ಮರಳುತ್ತದೆ. ಮೊದಲ ಹಂತದ ಲೆಕ್ಕಕ್ಕೆ ಹಿಂದಿರುಗಿ ನೋಡಿ: ನೂರಕ್ಕೆ ಮೂವತ್ತು, ಗಟ್ಟಿಯ ವೇಗದಲ್ಲಿ. ಒಂದೇ ನಾಣ್ಯಕ್ಕೆ ಇಬ್ಬರ ಕಾರ್ಡ್ ಇದ್ದರೆ ಹಳೆಯ ದಿನಾಂಕದವರಿಗೆ ಮೊದಲ ಕರೆ; ಹೆಚ್ಚು ಕೊಡುವವರಿಗೆ ಮೊದಲು ಹೇಳಿದರೆ ಆ ಸುದ್ದಿ ಉಳಿದವರಿಗೆ ತಲುಪದೇ ಇರುವುದಿಲ್ಲ.

ಯಾರ ಕಾರ್ಡಿಗೂ ಹೊಂದದ ನಾಣ್ಯವನ್ನು ಮಾತ್ರ ಕಪಾಟಿಗೆ ಇಡಬೇಕು. ಮೆತ್ತನೆಯ ಪಿವಿಸಿ ಚೀಲದಲ್ಲಿಟ್ಟರೆ ಕಾಲಕ್ರಮದಲ್ಲಿ ಹಸಿರು ಜಿಡ್ಡು ಏಳುತ್ತದೆ. ಈಗಾಗಲೇ ಎದ್ದಿದ್ದರೆ ಶುದ್ಧ ಅಸಿಟೋನಿನಲ್ಲಿ ಅದ್ದಿ, ಉಜ್ಜದೆ, ಗಾಳಿಗೆ ಆರಬಿಡಿ, ಹತ್ತಿರ ಬೆಂಕಿಯಿರದಂತೆ ಮತ್ತು ಕಿಟಕಿ ತೆರೆದಿರುವಂತೆ ನೋಡಿಕೊಳ್ಳಿ. ಪರೀಕ್ಷಾ ಸಂಸ್ಥೆಯೊಂದು ಅಸಲಿತನ, ಸ್ಥಿತಿಗಳನ್ನು ನೋಡಿ ಮುಚ್ಚಿಕೊಟ್ಟ ಪ್ರಮಾಣೀಕೃತ ಪೆಟ್ಟಿಗೆಯಲ್ಲಿ ಬಂದ ನಾಣ್ಯವಾದರೆ, 1986ರಲ್ಲಿ ಶುರುವಾದ ಪಿಸಿಜಿಎಸ್‌ನದಾಗಲಿ 1987ರ ಎನ್‌ಜಿಸಿಯದಾಗಲಿ, ಸಂಖ್ಯೆಯನ್ನು ಆ ಸಂಸ್ಥೆಯ ದಾಖಲೆಯಲ್ಲಿ ಹುಡುಕಿ, ಚಿತ್ರವಿದ್ದರೆ ಗೀರು ಗೀರನ್ನೂ ಹೋಲಿಸಿ; ಪೆಟ್ಟಿಗೆಗಳೂ ಖೋಟಾ ಆಗುತ್ತವೆ.

ಹೊಸಬರಿಗಾಗಿ ಒಂದು ಅಗ್ಗದ ತಟ್ಟೆ ಇರಲಿ. ಅದರಿಂದ ಲಾಭವಿಲ್ಲವೆಂದು ತೆಗೆದುಹಾಕುವವರು, ಹತ್ತು ವರ್ಷದ ನಂತರದ ಕಾರ್ಡ್‌ಗಳು ಎಲ್ಲಿಂದ ಬರುತ್ತವೆಂದು ಯೋಚಿಸಿರುವುದಿಲ್ಲ.

8. ದಾಖಲೆ ಮತ್ತು ತೆರಿಗೆ

ಮಾರಲು ಬಂದವರ ಗುರುತಿನ ದಾಖಲೆ, ಸರಕಿನ ಚಿತ್ರ, ತೂಕ ಮತ್ತು ಸಮಯ ಇವಿಷ್ಟಿಲ್ಲದೆ ಯಾವ ಖರೀದಿಯೂ ಬೇಡ. ಕದ್ದ ಮಾಲು ಬಂದರೆ ನಿಮ್ಮನ್ನು ಉಳಿಸುವುದು ಈ ಪುಟವೇ. ಕೊಂಡ ಸರಕನ್ನು ಕರಗಿಸುವ ಮೊದಲು ಇಷ್ಟು ದಿನ ಹಾಗೇ ಇಟ್ಟುಕೊಳ್ಳಬೇಕು, ಇಷ್ಟಕ್ಕಿಂತ ಹೆಚ್ಚಿನ ನಗದನ್ನು ವರದಿ ಮಾಡಬೇಕು ಎಂಬ ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾಗುತ್ತವೆ. ನಿಮ್ಮ ಲೆಕ್ಕಪರಿಶೋಧಕರಿಂದ ಲಿಖಿತವಾಗಿ ಪಡೆದು ಗೋಡೆಗೆ ಅಂಟಿಸಿ.

ಗಟ್ಟಿಗೂ ಸಂಗ್ರಹಕ್ಕೂ ತೆರಿಗೆ ಬೇರೆಯಿರುವ ಕಡೆ ಎರಡು ಪುಸ್ತಕಗಳ ಬೆಲೆ ತಿಳಿಯುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 1800ರ ನಂತರ ಟಂಕಿಸಿದ, ಸಾವಿರಕ್ಕೆ 900ಕ್ಕಿಂತ ಕಡಿಮೆಯಿಲ್ಲದ ಶುದ್ಧತೆಯ, ತನ್ನ ದೇಶದಲ್ಲಿ ಕಾನೂನುಬದ್ಧ ಚಲಾವಣೆಯಾಗಿರುವ ಅಥವಾ ಆಗಿದ್ದ ಚಿನ್ನದ ನಾಣ್ಯವನ್ನು, ಸಾಮಾನ್ಯವಾಗಿ ಅದು ಮಾರಾಟವಾಗುವ ಬೆಲೆ ಒಳಗಿನ ಚಿನ್ನದ ಬೆಲೆಯನ್ನು ಶೇಕಡಾ 80ಕ್ಕಿಂತ ಹೆಚ್ಚು ಮೀರದಿದ್ದರೆ, ಹೂಡಿಕೆಯ ಚಿನ್ನವೆಂದು ಪರಿಗಣಿಸಿ ಮೌಲ್ಯವರ್ಧಿತ ತೆರಿಗೆಯಿಂದ ಬಿಡಲಾಗಿದೆ. ಬೆಳ್ಳಿಗೆ ಆ ವಿನಾಯಿತಿಯಿಲ್ಲ.

ಎಚ್ಚರಿಕೆಯ ಲಕ್ಷಣಗಳು

ಇಂದು ಬಂದ ಮುಂಗಡದಿಂದ ನಿನ್ನೆಯ ಗಿರಾಕಿಯ ಸರಕನ್ನು ಕೊಳ್ಳುತ್ತಿದ್ದರೆ ಅಂಗಡಿ ಆಗಲೇ ಮುಳುಗುತ್ತಿದೆ. ಬೇರೆಲ್ಲ ಲಕ್ಷಣಗಳಿಗಿಂತ ಇದು ಗಂಭೀರ, ಮತ್ತು ಬೆಲೆ ಏರುತ್ತಿರುವಾಗ ಇದು ಕಣ್ಣಿಗೇ ಬೀಳುವುದಿಲ್ಲ. ತಲುಪಿಸುವ ದಿನ ಒಂದು ವಾರದಿಂದ ಮೂರು ವಾರಕ್ಕೆ ಜಾರಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ವಿಂಗಡಣೆಯ ಮೇಜಿನ ಮೇಲೆ ಬಿಚ್ಚದ ಚೀಲಗಳು ಎರಡು ದಿನಕ್ಕಿಂತ ಹೆಚ್ಚು ಉಳಿಯುತ್ತಿದ್ದರೆ ಕೊಳ್ಳುವ ವೇಗ ನೋಡುವ ವೇಗವನ್ನು ಮೀರಿದೆ. ಬಹುದಿನದ ಸಂಗ್ರಾಹಕ ಬಂದು ಕಪಾಟನ್ನು ಕಣ್ಣಾಡಿಸಿ ಒಂದೇ ನಿಮಿಷದಲ್ಲಿ ಹೊರಟರೆ ಅಲ್ಲಿ ಹೊಸದೇನೂ ಬಂದಿಲ್ಲವೆಂದು ಅವನಿಗೆ ತಿಳಿದಿದೆ. ಸಗಟು ವ್ಯಾಪಾರಿಗೆ ಕಳುಹಿಸಿದ ‘ಕರಗಿಸುವ’ ರಾಶಿಯಿಂದ ಅವನೇ ನಾಣ್ಯಗಳನ್ನು ಆರಿಸಿಕೊಳ್ಳುತ್ತಿದ್ದಾನೆಂದು ಕೇಳಿಬಂದರೆ, ನಿಮ್ಮ ನಾಲ್ಕನೆಯ ಹಂತ ಅವನ ಮೇಜಿನ ಮೇಲೆ ನಡೆಯುತ್ತಿದೆ.

ಈಗಾಗಲೇ ಕಲಸಿಹೋದ ಅಂಗಡಿಯಲ್ಲಿ

ಹೊಸ ಸರಕು ಕೊಳ್ಳುವುದನ್ನು ಎರಡು ದಿನ ನಿಲ್ಲಿಸಿ. ಮೊದಲ ದಿನ ಬಾಗಿಲು ಮುಚ್ಚಿ, ಇರುವ ಪ್ರತಿ ನಾಣ್ಯವನ್ನೂ ಲೋಹದ ಬೆಲೆಗೆ ಹೋಲಿಸಿ, ಅದಕ್ಕಿಂತ ಗಮನಾರ್ಹವಾಗಿ ಹೆಚ್ಚು ಬೆಲೆ ನಿಜವಾಗಿ ಸಿಕ್ಕ ದಾಖಲೆಯಿಲ್ಲದ ಎಲ್ಲವನ್ನೂ ಗಟ್ಟಿಯ ಪುಸ್ತಕಕ್ಕೆ ಸೇರಿಸಿ. ಮನಸ್ಸು ಒಪ್ಪುವುದಿಲ್ಲ; ಆದರೂ ಸೇರಿಸಿ. ಎರಡನೆಯ ದಿನ ಆ ರಾಶಿಯಲ್ಲಿ ನಿಮ್ಮ ಮಿತಿಯನ್ನು ಮೀರಿದ್ದನ್ನು ಸಗಟಿಗೆ ಮಾರಿ, ಬಂದ ಹಣದಿಂದ ಮೊದಲು ಬಾಕಿಯಿರುವ ಮುಂಗಡಗಳನ್ನು ತೀರಿಸಿ, ಉಳಿದದ್ದನ್ನು ಮೂರು ಖಾತೆಗೆ ಹಂಚಿ. ಮೂರನೆಯ ದಿನ ಬಾಗಿಲು ತೆರೆಯುವಾಗ ಬೇಡಿಕೆಯ ಕಾರ್ಡ್‌ಗಳ ಖಾಲಿ ಪೆಟ್ಟಿಗೆ ಮೇಜಿನ ಮೇಲಿರಲಿ, ಒಳಗೆ ಬಂದ ಮೊದಲ ಸಂಗ್ರಾಹಕನಿಂದಲೇ ಒಂದು ಕಾರ್ಡ್ ಬರೆಸಿ.